ಭಾರತಕಾವ್ಯಗಳಲ್ಲಿ ನುಡಿಯೂ ಇಂಗಿತವೂ

೧

ಮನುಷ್ಯನು ತನ್ನ ಅಭಿಪ್ರಾಯವನ್ನು ಮತ್ತೊಬ್ಬನಿಗೆ ತಿಳಿಸುವುದಕ್ಕೆ ನುಡಿಯೊಂದೇ ಸಾಧನವಲ್ಲವೆಂಬುದನ್ನು ಪ್ರಾಚೀನ ಶಾಸ್ತ್ರಕಾರರು ಚೆನ್ನಾಗಿ ಅರಿತಿದ್ದರು. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ವಾಚಿಕವು ನುಡಿಗೆ ಸೇರಿದುದು. ಆಂಗಿಕವೂ ಸಾತ್ತ್ವಿಕವೂ ಶರೀರಕ್ಕೆ ಸೇರಿದುವು. ಆಂಗಿಕವನ್ನು ಮನುಷ್ಯನು ಬೇಕೆಂದು ಮಾಡಬಲ್ಲನು. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯವೆಂಬ ಎಂಟು ಸಾತ್ತ್ವಿಕಭಾವಗಳಾದರೋ ಲೋಕದಲ್ಲಿ ಅವನ ಇಚ್ಛೆಯನ್ನು ಕಾಯದೆ ತಾವಾಗಿಯೇ ಹೊರಬೀಳತಕ್ಕವು. ಆಲಂಕಾರಿಕರೂ ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಇಂಗಿತದಿಂದಾಗಲಿ ಆಕಾರದಿಂದಾಗಲಿ ಅರ್ಥವು ಗೋಚರವಾಗುವ ಸ್ಥಳದಲ್ಲಿ ದಂಡಿಯು ಸೂಕ್ಷ್ಮವೆಂಬ ಅಲಂಕಾರವನ್ನು ಹೇಳಿದನು. ವ್ಯಂಗ್ಯಾರ್ಥದ ಪ್ರತೀತಿಗೆ ನೆರವಾಗುವ ವಕ್ತೃ, ಬೋದ್ಧವ್ಯ, ಕಾಕು ಮೊದಲಾದ ಅಂಶಗಳೊಡನೆ ಮಮ್ಮಟನು ಚೇಷ್ಟೆಯನ್ನೂ ಸೇರಿಸಿಕೊಂಡನು.

ಆದರೆ ಈ ಆಚಾರ್ಯರು ಆರಿಸಿಕೊಂಡ ಉದಾಹರಣೆಗಳನ್ನು ನೋಡಿದರೆ ಒಂದು ಕೊರತೆ ತೋರಿಬರುತ್ತದೆ. ದಂಡಿಯ ನಾಯಿಕೆಯು ಜನಸಂದಣಿಯಲ್ಲಿ ಮಾತನಾಡಲಾರದೆ, ಕೈಯಲ್ಲಿದ್ದ ಲೀಲಾಕಮಲವನ್ನು ಮುಚ್ಚಿ, ಇರುಳಿನ ಸಮಾಗಮವನ್ನು ನಲ್ಲನಿಗೆ ಸೂಚಿಸುತ್ತಾಳೆ. ಮಮ್ಮಟನ ಉದಾಹರಣೆಯೂ ಶೃಂಗಾರದ್ದೇ. ಇಂತಹ ಸನ್ನೆಯು ತನ್ನ ಕೆಲಸವನ್ನು ಮುಗಿಸಿ ಆ ಕ್ಷಣದಲ್ಲಿಯೇ ಲಯವಾಗುತ್ತದೆ. ಆಡಿದ ಮಾತು ಎಷ್ಟು ಕಾಲ ಉಳಿಯುತ್ತದೆ, ತೋರಿದ ಇಂಗಿತವು ಎಷ್ಟು ಕಾಲ ಉಳಿಯುತ್ತದೆ, ಎರಡೂ ಒಂದೇ ರೀತಿಯಲ್ಲಿ ಉಳಿಯುತ್ತವೆಯೇ ಎಂಬ ಪ್ರಶ್ನೆಯನ್ನು ಶಾಸ್ತ್ರವು ಎತ್ತಿಕೊಂಡಿಲ್ಲ. ಅದನ್ನು ಎತ್ತಿಕೊಂಡವರು ಕವಿಗಳು. ವಿಶೇಷವಾಗಿ ಭಾರತಕಥೆಯನ್ನು ಆಶ್ರಯಿಸಿದ ಕವಿಗಳು. ವ್ಯಾಸಭಾರತದಿಂದ ರನ್ನನ ಗದಾಯುದ್ಧದವರೆಗೆ ಈ ಕಥೆಯ ಕೆಲವು ಸಂದರ್ಭಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿಯಮವು ಹೊಳೆಯುತ್ತದೆ: ಇಂಗಿತವು ಋಣವಾಗಿ ಉಳಿಯುತ್ತದೆ, ನುಡಿಯು ಪ್ರಶ್ನೆಯಾಗಿ ಉಳಿಯುತ್ತದೆ. ಋಣವು ಎಂದಾದರೂ ತೀರಲೇಬೇಕು. ಪ್ರಶ್ನೆಗೆ ಆ ನಿರ್ಬಂಧವಿಲ್ಲ.

೨

ದ್ಯೂತಸಭೆಯೇ ಈ ವಿಚಾರಕ್ಕೆ ಮೂಲಸ್ಥಾನ. ಅಲ್ಲಿ ದ್ರೌಪದಿಯು ಎತ್ತಿದ ಪ್ರಶ್ನೆ ಪ್ರಸಿದ್ಧವಾದುದು: ಧರ್ಮರಾಜನು ಮೊದಲು ತನ್ನನ್ನು ಸೋತನೋ, ಅಥವಾ ಅವಳನ್ನು ಸೋತನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಿಡುವ ಅಧಿಕಾರವುಂಟೋ? ಇದು ಶುದ್ಧವಾದ ನುಡಿ. ನ್ಯಾಯದ ಕಟ್ಟಿಗೆ ಒಳಪಟ್ಟ ನುಡಿ. ಭೀಷ್ಮನು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ, ತನ್ನಿಂದ ನಿರ್ಣಯವಾಗದೆಂದು ಹಿಂದೆಗೆಯುತ್ತಾನೆ. ಕೌರವರಲ್ಲಿ ವಿಕರ್ಣನೊಬ್ಬನು ಅವಳ ಪಕ್ಷವನ್ನು ವಹಿಸುತ್ತಾನೆ. ಕರ್ಣನು ಅವನನ್ನು ಖಂಡಿಸುತ್ತಾನೆ. ಹೀಗೆ ಮಾತಿಗೆ ಮಾತು ಎದುರಾಗಿ, ವಾದಕ್ಕೆ ಪ್ರತಿವಾದವು ಹುಟ್ಟಿ, ಪ್ರಶ್ನೆಯು ಇದ್ದಲ್ಲಿಯೇ ನಿಲ್ಲುತ್ತದೆ.

ಆ ವೇಳೆಯಲ್ಲಿಯೇ ದುರ್ಯೋಧನನು ಬಟ್ಟೆಯನ್ನು ಸರಿಸಿ ತನ್ನ ಎಡದೊಡೆಯನ್ನು ದ್ರೌಪದಿಗೆ ತೋರಿಸುತ್ತಾನೆ. ತೋರಿಸುವಾಗ ನಗುತ್ತಾನೆ, ಭೀಮನು ನೋಡುತ್ತಿರುತ್ತಾನೆ. ಈ ಚೇಷ್ಟೆಗೆ ವ್ಯಾಖ್ಯಾನವು ಬೇಕಾಗಲಿಲ್ಲ. ಸಭೆಯಲ್ಲಿ ಯಾವನೂ ಇದರ ಅರ್ಥವು ಸೂಕ್ಷ್ಮವೆನ್ನಲಿಲ್ಲ. ಭೀಮನು, ಆ ತೊಡೆಯನ್ನು ಮಹಾಯುದ್ಧದಲ್ಲಿ ಗದೆಯಿಂದ ಮುರಿಯದೆ ಹೋದರೆ ತನಗೆ ಪಿತೃಲೋಕವು ದೊರೆಯದಿರಲೆಂದು ಶಪಥಮಾಡುತ್ತಾನೆ. ಅನೇಕ ಪಂಡಿತರು ಕೂಡಿ ಬಿಡಿಸಲಾರದ ನುಡಿಗೆ ಉತ್ತರವು ಸಿಕ್ಕಲಿಲ್ಲ. ಒಂದು ಕ್ಷಣದ ಅಂಗಚೇಷ್ಟೆಗೆ ಅಲ್ಲಿಯೇ ಉತ್ತರವು ನಿಶ್ಚಿತವಾಯಿತು, ಸಲ್ಲುವುದಕ್ಕೆ ಮಾತ್ರ ಹದಿಮೂರು ವರ್ಷಗಳು ಕಳೆಯಬೇಕಾಯಿತು.

ಈ ಭೇದಕ್ಕೆ ಕಾರಣವನ್ನು ಅರಸುವುದು ಕಷ್ಟವಲ್ಲ. ಆಡಿದ ನುಡಿಯನ್ನು ಆಡಿದವನೇ ತಿದ್ದಬಹುದು, ಬೇರೆ ಅರ್ಥವನ್ನು ಹೇಳಬಹುದು, ಕ್ಷಮೆಯನ್ನು ಬೇಡಬಹುದು. ತೋರಿದ ತೊಡೆಯನ್ನು ತೋರಿಲ್ಲವೆನ್ನಲಾಗುವುದಿಲ್ಲ. ನುಡಿಯು ಕಿವಿಯ ಮೂಲಕ ಬುದ್ಧಿಯನ್ನು ಸೇರಿ ಅಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಇಂಗಿತವು ಕಣ್ಣಿನಿಂದ ನೇರಾಗಿ ಹೃದಯವನ್ನು ಹೊಕ್ಕು, ಪರೀಕ್ಷೆಗೆ ಎಡೆಗೊಡದೆ ನೆಲಸುತ್ತದೆ. ಆದುದರಿಂದಲೇ ನುಡಿಗೆ ನುಡಿಯು ಪ್ರತ್ಯುತ್ತರವಾದರೆ, ಶರೀರದ ಅಪಮಾನಕ್ಕೆ ಶರೀರವೇ ತೆರಬೇಕಾಗುತ್ತದೆ.

ಸಭೆಯಲ್ಲಿದ್ದ ಹಿರಿಯರ ನಿಶ್ಚೇಷ್ಟತೆಯನ್ನೂ ಇಲ್ಲಿ ಮರೆಯಲಾಗದು. ಸುಮ್ಮನಿರುವುದೂ ಒಂದು ಇಂಗಿತವೇ. ಭೀಷ್ಮದ್ರೋಣರು ಅಂದು ಏಳದೆ ಕುಳಿತ ಕುಳಿತವು ಅವರ ಬಾಯಿಂದ ಬಂದ ಎಲ್ಲ ಧರ್ಮವಚನಗಳ ಮೇಲೆಯೂ ನೆರಳನ್ನು ಬೀರಿದೆ.

೩

ಸಭಾಪರ್ವವು ಮುಗಿಯುವ ಮುನ್ನ ವ್ಯಾಸನು ಇಂಗಿತವನ್ನು ಕುರಿತು ಇನ್ನೊಂದು ಅಪೂರ್ವವಾದ ಸಂದರ್ಭವನ್ನು ರಚಿಸಿದ್ದಾನೆ. ಪಾಂಡವರು ಕಾಡಿಗೆ ಹೊರಟಿದ್ದಾರೆ. ಅವರು ಹೇಗೆ ಹೋಗುತ್ತಿದ್ದಾರೆಂದು ಧೃತರಾಷ್ಟ್ರನು ವಿದುರನನ್ನು ಕೇಳುತ್ತಾನೆ. ಧರ್ಮರಾಜನು ಬಟ್ಟೆಯಿಂದ ಮುಖವನ್ನು ಮುಚ್ಚಿಕೊಂಡಿದ್ದಾನೆ. ಭೀಮನು ತನ್ನ ತೋಳುಗಳನ್ನು ಚಾಚಿ ನೋಡಿಕೊಳ್ಳುತ್ತಿದ್ದಾನೆ. ಅರ್ಜುನನು ಮರಳನ್ನು ಎರಚುತ್ತ ನಡೆಯುತ್ತಿದ್ದಾನೆ. ನಕುಲನು ಮೈಗೆ ಧೂಳನ್ನು ಬಳಿದುಕೊಂಡಿದ್ದಾನೆ. ಸಹದೇವನು ಮುಖಕ್ಕೆ ಬಳಿದುಕೊಂಡಿದ್ದಾನೆ. ದ್ರೌಪದಿಯು ಬಿಚ್ಚಿದ ಮುಡಿಯಿಂದ ಮುಖವನ್ನು ಮರೆಮಾಡಿಕೊಂಡು ಅಳುತ್ತಿದ್ದಾಳೆ. ಇವರಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಅನಂತರ ಅರಸನು ಒಂದೊಂದರ ಅರ್ಥವನ್ನೂ ಕೇಳುತ್ತಾನೆ. ಕೋಪದ ಕಣ್ಣಿನಿಂದ ಜನರನ್ನು ಸುಡಬಾರದೆಂದು ಧರ್ಮರಾಜನ ಮುಸುಕು. ಮುಂದೆ ಮರಳಿನಂತೆ ಬಾಣಗಳು ಸುರಿಯಲಿವೆಯೆಂಬುದಕ್ಕೆ ಅರ್ಜುನನ ಮರಳು. ತನ್ನನ್ನು ಈ ಸ್ಥಿತಿಗೆ ತಂದವರ ಹೆಂಡಿರು ಹದಿನಾಲ್ಕನೆಯ ವರ್ಷದಲ್ಲಿ ಗಂಡಂದಿರನ್ನು ಕಳೆದುಕೊಂಡು ಹೀಗೆಯೇ ಮುಡಿಗೆದರಿ ಹಸ್ತಿನಾವತಿಯನ್ನು ಹೊಗುವರೆಂಬುದಕ್ಕೆ ದ್ರೌಪದಿಯ ಮುಡಿ. ವಿದುರನು ಇದೆಲ್ಲವನ್ನೂ ಬಿಡಿಸಿ ಹೇಳುತ್ತಾನೆ.

ಕೇಳುವವನು ಕುರುಡನೆಂಬುದರಲ್ಲಿ ಈ ಸಂದರ್ಭದ ಸ್ವಾರಸ್ಯವೆಲ್ಲ ಅಡಗಿದೆ. ಅವನಿಗೆ ಇಂಗಿತವು ನೇರಾಗಿ ದೊರೆಯದು; ನುಡಿಯಾಗಿ ಮಾರ್ಪಟ್ಟಮೇಲೆ ಮಾತ್ರ ದೊರೆಯುವುದು. ಶ್ರವ್ಯಕಾವ್ಯವನ್ನು ಓದುವವನ ಸ್ಥಿತಿಯೂ ಇದೇ. ನಾಟಕವನ್ನು ನೋಡುವ ಸಾಮಾಜಿಕನಿಗೆ ನಟನ ಕೈಕಣ್ಣುಗಳು ಕಾಣುತ್ತವೆ; ಕಾವ್ಯದ ಸಹೃದಯನು ಧೃತರಾಷ್ಟ್ರನಂತೆ ಕುಳಿತು ಕೇಳಬೇಕು. ಹೀಗೆ ಇಂಗಿತವು ನುಡಿಗಿಂತ ಬಲವಾದುದೆಂದು ಹೇಳಿದ ಉಸುರಿನಲ್ಲಿಯೇ, ಅದು ಕಾಲವನ್ನು ದಾಟಿ ಬರಬೇಕಾದರೆ ನುಡಿಯ ದೋಣಿಯನ್ನೇ ಹತ್ತಬೇಕೆಂದೂ ಒಪ್ಪಬೇಕಾಗುತ್ತದೆ. ಭೀಮನ ಶಪಥವಿಲ್ಲದಿದ್ದರೆ ದುರ್ಯೋಧನನ ತೊಡೆಯು ಒಂದು ದಿನದ ಅಸಭ್ಯತೆಯಾಗಿ ಮರೆತುಹೋಗುತ್ತಿತ್ತು. ಇಂಗಿತವು ಋಣವನ್ನು ಹುಟ್ಟಿಸುತ್ತದೆ. ನುಡಿಯು ಅದಕ್ಕೆ ಪತ್ರವನ್ನು ಬರೆದುಕೊಡುತ್ತದೆ.

ಅರಣ್ಯಪರ್ವದ ಆರಂಭದಲ್ಲಿ ಬರುವ ಮೈತ್ರೇಯನ ಪ್ರಸಂಗವು ಇದನ್ನೇ ದೃಢಪಡಿಸುತ್ತದೆ. ಋಷಿಯು ಪಾಂಡವರೊಡನೆ ಸಂಧಿಮಾಡಿಕೊಳ್ಳೆಂದು ಹಿತವನ್ನು ಹೇಳುತ್ತಿರುವಾಗ ದುರ್ಯೋಧನನು ಉತ್ತರಕೊಡದೆ, ಮುಗುಳುನಗುತ್ತ, ತೊಡೆಯನ್ನು ತಟ್ಟಿಕೊಂಡು, ಕಾಲಿನಿಂದ ನೆಲವನ್ನು ಕೆರೆಯುತ್ತಾನೆ. ಒರಟಾದ ಒಂದು ಮಾತನ್ನಾಡಿದ್ದರೆ ಋಷಿಯು ಪುನಃ ಬುದ್ಧಿ ಹೇಳುತ್ತಿದ್ದನೇನೋ. ಆ ಮೌನದ ಚೇಷ್ಟೆಯನ್ನು ಅವನು ಸಹಿಸಲಿಲ್ಲ. ಯಾವ ತೊಡೆಯನ್ನು ತಟ್ಟಿದನೋ ಆ ತೊಡೆಯನ್ನೇ ಭೀಮನು ಮುರಿಯಲೆಂದು ಶಾಪವಿತ್ತನು. ಸಂಧಿಗೆ ಹೊರಟ ಕೃಷ್ಣನ ಮುಂದೆ ದ್ರೌಪದಿಯು ತನ್ನ ಮುಡಿಯನ್ನು ಎಡಗೈಯಲ್ಲಿ ಹಿಡಿದು ಬಂದು ನಿಂತುದೂ ಈ ಜಾತಿಯದೇ. ಉದ್ಯೋಗಪರ್ವದ ನೀತಿವಾಕ್ಯಗಳೆಲ್ಲ ಒಂದು ತಕ್ಕಡಿಯಲ್ಲಿ; ಆ ಹಿಡಿ ಕೂದಲು ಇನ್ನೊಂದು ತಕ್ಕಡಿಯಲ್ಲಿ.

೪

ಈ ಸಾಮಗ್ರಿಯು ರಂಗಕ್ಕೆ ಬಂದಾಗ ಏನಾಯಿತೆಂಬುದನ್ನು ಭಾಸನ ಹೆಸರಿನಲ್ಲಿ ಪ್ರಚಾರದಲ್ಲಿರುವ ನಾಟಕಗಳಿಂದ ತಿಳಿಯಬಹುದು. ತಿರುವನಂತಪುರದ ಗಣಪತಿಶಾಸ್ತ್ರಿಗಳು ೧೯೧೨ರಿಂದ ಮುಂದಕ್ಕೆ ಪ್ರಕಟಿಸಿದ ಈ ನಾಟಕಗಳ ಕರ್ತೃತ್ವವು ವಿವಾದಾಸ್ಪದವಾದರೂ ಅವುಗಳ ರಂಗಪ್ರಜ್ಞೆಯು ನಿರ್ವಿವಾದವಾದುದು. ದೂತವಾಕ್ಯದಲ್ಲಿ, ಕೃಷ್ಣನು ಬಂದಾಗ ಯಾರೂ ಏಳಕೂಡದು, ಎದ್ದವರಿಗೆ ದಂಡವೆಂದು ದುರ್ಯೋಧನನು ಅಪ್ಪಣೆಮಾಡುತ್ತಾನೆ. ತಾನು ಏಳದಿರುವುದಕ್ಕೆ ನೆಪವಾಗಿ ದ್ರೌಪದಿಯ ಕೇಶಾಕರ್ಷಣದ ಚಿತ್ರಪಟವನ್ನು ತರಿಸಿ ನೋಡುತ್ತ ಕೂಡುತ್ತಾನೆ. ಕೃಷ್ಣನು ಪ್ರವೇಶಿಸಿದೊಡನೆ ಸಭೆಯೆಲ್ಲ ಏಳುತ್ತದೆ. ಅರಸನು ತಾನೇ ಆಸನದಿಂದ ಜಾರುತ್ತಾನೆ. ಆಜ್ಞೆಯು ನುಡಿಯಲ್ಲಿತ್ತು, ಶರೀರಗಳು ಅದನ್ನು ಕೇಳಲಿಲ್ಲ. ಆ ಚಿತ್ರಪಟದಲ್ಲಿ ದ್ರೋಣಭೀಷ್ಮರು ನಾಚಿ ಬಟ್ಟೆಯ ಸೆರಗಿನಲ್ಲಿ ಮುಖವನ್ನು ಮರೆಸಿಕೊಂಡಿರುವುದನ್ನು ದುರ್ಯೋಧನನೇ ವರ್ಣಿಸುತ್ತಾನೆಂಬುದು ಗಮನಾರ್ಹವಾದುದು. ಅಂದಿನ ಮಾತುಗಳನ್ನು ಚಿತ್ರಕಾರನು ಬರೆಯಲಾರನು, ಇಂಗಿತಗಳನ್ನು ಬರೆಯಬಲ್ಲನು. ಅವಮಾನ ಮಾಡಿದವನೇ ಅದರ ದಾಖಲೆಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದಾನೆ.

ಊರುಭಂಗದಲ್ಲಿ ಋಣವು ಸಂದಾಯವಾಗಿದೆ. ತೊಡೆ ಮುರಿದು ಬಿದ್ದಿರುವ ತಂದೆಯ ಬಳಿಗೆ ಎಳೆಯ ಮಗನಾದ ದುರ್ಜಯನು ಬಂದು, ವಾಡಿಕೆಯಂತೆ ತೊಡೆಯ ಮೇಲೆ ಕುಳಿತುಕೊಳ್ಳಲು ಹವಣಿಸುತ್ತಾನೆ. ತಂದೆಯು ಅವನನ್ನು ತಡೆಯಬೇಕಾಗುತ್ತದೆ. ಪರಸತಿಗೆ ಆಸನವೆಂದು ತೋರಿಸಿದ ತೊಡೆಯು ಸ್ವಂತ ಮಗನಿಗೆ ಆಸನವಾಗದೆ ಹೋಯಿತು. ಸಭೆಯ ಪ್ರಸ್ತಾಪವನ್ನೆತ್ತಿ ಯಾವ ಪಾತ್ರವೂ ಇಲ್ಲಿ ನೀತಿಯನ್ನು ಬೋಧಿಸುವುದಿಲ್ಲ. ಬಾಲಕನು ಮುಂದೆ ಬರುವುದು, ತಂದೆಯು ಒಲ್ಲೆನೆನ್ನುವುದು, ಇಷ್ಟೇ. ಭಟ್ಟನಾರಾಯಣನ ವೇಣೀಸಂಹಾರದಲ್ಲಿ ಭೀಮನು ದುರ್ಯೋಧನನ ನೆತ್ತರು ಬಳಿದ ಕೈಯಿಂದ ದ್ರೌಪದಿಯ ಮುಡಿಯನ್ನು ಕಟ್ಟುವುದೂ ಋಣಸಂದಾಯವೇ ಆದರೂ, ಅಲ್ಲಿ ವೀರಾಲಾಪದ ಭರಾಟೆ ಹೆಚ್ಚು. ಹೋಲಿಸಿ ನೋಡಿದರೆ, ಮೌನವನ್ನು ನಂಬಿದ ಕವಿಯೇ ಮೇಲಾಗಿ ತೋರುತ್ತಾನೆ.

೫

ಕನ್ನಡಕ್ಕೆ ಬಂದರೆ ಪಂಪನೂ ರನ್ನನೂ ಈ ನಿಯಮಕ್ಕೆ ತಮ್ಮ ತಮ್ಮ ಮುದ್ರೆಯನ್ನೊತ್ತಿದ್ದಾರೆ. ಇಂಗಿತದ ಋಣವೆಂದರೆ ಹಗೆಯ ಋಣವೇ ಆಗಬೇಕಾಗಿಲ್ಲವೆಂಬುದನ್ನು ತೋರಿಸಿದುದು ಪಂಪನ ವಿಶೇಷ. ವಿಕ್ರಮಾರ್ಜುನವಿಜಯದ ಒಂಬತ್ತನೆಯ ಆಶ್ವಾಸದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸಿ ಪಾಂಡವರ ಕಡೆಗೆ ಕರೆಯುತ್ತಾನೆ. ಕೃಷ್ಣನ ನುಡಿಯಲ್ಲಿ ಸತ್ಯವಿದೆ, ರಾಜ್ಯವಿದೆ, ಒಡಹುಟ್ಟಿದವರ ನಂಟಿದೆ. ಇದಕ್ಕೆ ಕರ್ಣನು ಕೊಡುವ ಉತ್ತರದಲ್ಲಿ ನೆತ್ತದಾಟದ ಒಂದು ನೆನಪು ಬರುತ್ತದೆ. ಆಟದಲ್ಲಿ ಭಾನುಮತಿಯು ಸೋಲಲು, ಸೋಲದ ಪಣಕ್ಕಾಗಿ ಕಾಡುತ್ತಿರುವಾಗ ಹಾರವು ಹರಿದು ಮುತ್ತುಗಳು ಚೆಲ್ಲುತ್ತವೆ. ಆ ಹೊತ್ತಿನಲ್ಲಿ ಅರಸನು ಮನಸ್ಸಿನಲ್ಲಿ ಯಾವ ಮುನಿಸನ್ನೂ ಇಟ್ಟುಕೊಳ್ಳದೆ, ಇವನ್ನು ಆಯಲೇ ಎಂದು ಕೇಳುತ್ತಾನೆ. ಆ ಪದ್ಯದ ಅನ್ವಯವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳುಂಟು. ಯಾರು ಯಾರೊಡನೆ ಆಡುತ್ತಿದ್ದರು, ಹಾರವು ಯಾರ ಕೈಯಿಂದ ಹರಿಯಿತು ಎಂಬುವು ಚರ್ಚೆಗೆ ವಿಷಯವಾಗಿವೆ. ಯಾವ ಅನ್ವಯವನ್ನು ಹಿಡಿದರೂ ಪದ್ಯದ ಜೀವವು ಆ ಏವವಿಲ್ಲದ ಮುಖದಲ್ಲಿಯೂ ಮುತ್ತಿನ ಕಡೆಗೆ ಬಾಗಲು ಸಿದ್ಧವಾದ ಮೈಯಲ್ಲಿಯೂ ಇದೆ.

ಆ ಮಾತು ಎಷ್ಟು ಚಿಕ್ಕದು! ಕರ್ಣನ ಗುಣವನ್ನು ಹೊಗಳಿದ ಮಾತಲ್ಲ. ನಂಬಿದೆನೆಂಬ ಮಾತೂ ಅಲ್ಲ. ನಂಬಿಕೆಯನ್ನು ಬಾಯಿಬಿಟ್ಟು ಹೇಳಿದ್ದರೆ ಅದರಲ್ಲಿ ಸಂಶಯದ ಒಂದು ಛಾಯೆ ಸುಳಿದಂತೆಯೇ ಆಗುತ್ತಿತ್ತು. ಸಂಶಯವು ಹುಟ್ಟಲೇ ಇಲ್ಲವೆಂಬುದನ್ನು ಮೈಯೊಂದೇ ತಿಳಿಸಬಲ್ಲದು. ಅಂಗರಾಜ್ಯದ ದಾನಕ್ಕಿಂತಲೂ ಈ ಗಳಿಗೆಯ ಋಣವು ಕರ್ಣನಿಗೆ ಭಾರವಾಗಿ ತೋರಿದರೆ ಆಶ್ಚರ್ಯವಲ್ಲ. ಸಭೆಯಲ್ಲಿ ತೊಡೆಯನ್ನು ತೋರಿದವನೂ ಅಂತಃಪುರದಲ್ಲಿ ಮುತ್ತಿಗೆ ಬಾಗಿದವನೂ ಒಬ್ಬನೇ ದುರ್ಯೋಧನನು. ಒಂದು ಇಂಗಿತಕ್ಕೆ ಭೀಮನು ಗದೆಯನ್ನು ತೆತ್ತನು; ಮತ್ತೊಂದಕ್ಕೆ ಕರ್ಣನು ಪ್ರಾಣವನ್ನು ತೆತ್ತನು.

೬

ರನ್ನನು ಗದಾಯುದ್ಧದಲ್ಲಿ ಸಮಸ್ತ ಭಾರತವನ್ನೂ ಸಿಂಹಾವಲೋಕನಕ್ರಮದಿಂದ ಹೇಳುತ್ತಾನೆ. ಈ ಪಾರಿಭಾಷಿಕ ಶಬ್ದವೇ ಒಂದು ಅಂಗಚೇಷ್ಟೆಯಿಂದ ಹುಟ್ಟಿದುದು. ಮುಂದೆ ನಡೆಯುತ್ತಿರುವ ಸಿಂಹವು ಕತ್ತನ್ನು ಹೊರಳಿಸಿ ಹಿಂದೆ ನೋಡುವ ನೋಟವದು. ಆ ಕಾವ್ಯದ ದುರ್ಯೋಧನನೂ ಅಂತಹುದೇ ಒಂದು ನೋಟದಲ್ಲಿ ನಡೆಯುತ್ತಾನೆ. ಸಂಜಯನೊಡನೆ ಭೀಷ್ಮನಿರುವೆಡೆಗೆ ಹೋಗುವಾಗ ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ಕಳೇಬರಗಳು ಎದುರಾಗುತ್ತವೆ. ಮಾತನಾಡಲಾರದ ಮೈಗಳ ಮುಂದೆ ನಿಂತು ಅವನು ಮಾತನಾಡುತ್ತಾನೆ. ಹಗೆಯ ಮಗನಾದ ಅಭಿಮನ್ಯುವನ್ನೂ ಮೆಚ್ಚಿ, ಅವನ ಸಾಹಸದ ಒಂದಂಶಕ್ಕೆ ತಕ್ಕ ಮರಣವು ತನಗೂ ಬರಲೆಂದು ಬಯಸುತ್ತಾನೆ. ಸಭೆಯಲ್ಲಿ ಅವನ ಚೇಷ್ಟೆಯು ಎಲ್ಲರ ನುಡಿಯನ್ನೂ ಅಡಗಿಸಿತ್ತು. ರಣದಲ್ಲಿ ಶವಗಳ ನಿಶ್ಚೇಷ್ಟತೆಯು ಅವನಿಂದ ನುಡಿಯನ್ನು ಹೊರಡಿಸುತ್ತದೆ.

ಕಾವ್ಯದ ಶಿಖರವಾದರೋ ವೈಶಂಪಾಯನಸರೋವರದ ಸಂದರ್ಭ. ವ್ಯಾಸಭಾರತದಲ್ಲಿ ಕೊಳದ ತಡಿಯಲ್ಲಿ ನಿಂತು ಧರ್ಮರಾಜನು ಆಡುವ ಚುಚ್ಚುನುಡಿಗಳನ್ನು, ಜಾತಿಯ ಕುದುರೆ ಚಾವಟಿಯ ಪೆಟ್ಟನ್ನು ತಾಳದಂತೆ, ದುರ್ಯೋಧನನು ತಾಳಲಾರದೆ ಮೇಲೇಳುತ್ತಾನೆ. ಅಲ್ಲಿ ನೋಯಿಸುವುದು ನುಡಿಯ ಅರ್ಥ. ರನ್ನನು ಭಾರವನ್ನು ಭೀಮನ ಗರ್ಜನೆಯ ಮೇಲಿರಿಸಿದನು. ಪದ್ಯದಲ್ಲಿ ಮರಳಿ ಮರಳಿ ಬರುವ ಶಬ್ದವು ರವವೆಂಬುದು; ಸಿಂಹದ ರವವನ್ನು ಗೆದ್ದ, ಮುಗಿಲಿನ ರವವನ್ನು ಹಿಂದಿಕ್ಕಿದ ರವ. ಅರ್ಥವು ಹಿಂದೆ ಸರಿದು ನಾದವೇ ಉಳಿದಿದೆ. ಅದನ್ನು ಕೇಳಿ ಹಾವಿನ ಬಾವುಟದ ಅರಸನು ನೀರಿನೊಳಗಿದ್ದರೂ ಬೆವರುತ್ತಾನೆ.

ಈ ಪದ್ಯವನ್ನು ವಿರೋಧಾಭಾಸದ ಚಮತ್ಕಾರವೆಂದು ಮೆಚ್ಚಿ ಮುಂದೆ ಸಾಗುವುದುಂಟು. ಬೆವರು ಭಯದ್ದೋ ಕೋಪದ್ದೋ ಎಂಬ ಚರ್ಚೆಯೂ ಸಹಜವಾಗಿ ಏಳುತ್ತದೆ. ಕೋಪದಿಂದ ಕೆಂಪಾದ ಕಣ್ಣುಳ್ಳವನೆಂದು ಕವಿಯು ವಿಶೇಷಣವನ್ನು ಕೊಟ್ಟಿರುವುದರಿಂದ ಕೋಪದ ಪಕ್ಷವೇ ಬಲವಾದುದು. ಆದರೆ ಭರತನ ಶಾಸ್ತ್ರದಲ್ಲಿ ಸ್ವೇದಕ್ಕೆ ಕೋಪ, ಭಯ, ಲಜ್ಜೆ, ದುಃಖ, ಶ್ರಮ ಮೊದಲಾದ ಹಲವು ಕಾರಣಗಳನ್ನು ಹೇಳಿದೆ. ಸಾತ್ತ್ವಿಕಭಾವವು ನುಡಿಯಂತೆ ಒಂದೊಂದೇ ಅರ್ಥವನ್ನು ಬಿಡಿಸಿ ಹೇಳುವುದಿಲ್ಲ; ಎಲ್ಲವನ್ನೂ ಒಂದೇ ಹನಿಯಲ್ಲಿ ತೋರಿಸಿಬಿಡುತ್ತದೆ. ಅಭಿಮಾನಧನನಾದ ದುರ್ಯೋಧನನ ನಾಲಗೆಯು ಎಂದಿಗೂ ಒಪ್ಪದ ಋಣವನ್ನು ಅವನ ಮೈ ನೀರಿನೊಳಗೆ ಯಾರೂ ಕಾಣದ ಕಡೆ ಒಪ್ಪಿಕೊಂಡಿತು. ಬೆವರೆಂಬ ಇಂಗಿತವು ಕಾಣಬೇಕಾದರೆ ಮೈ ಒಣಗಿರಬೇಕು. ನೀರಿನಲ್ಲಿ ಬೆವರನ್ನು ಕಾಣಬಲ್ಲ ಕಣ್ಣು ಯಾವುದು? ಕವಿಯ ನುಡಿಯೊಂದೇ. ಯಾವ ನಟನೂ ಅಭಿನಯಿಸಲಾರದ, ಯಾವ ಪ್ರೇಕ್ಷಕನೂ ನೋಡಲಾರದ ಸಾತ್ತ್ವಿಕವನ್ನು ರನ್ನನು ಶ್ರವ್ಯಕಾವ್ಯಕ್ಕೆ ಗಳಿಸಿಕೊಟ್ಟನು. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಈ ಕಾವ್ಯವನ್ನು ಗದಾಯುದ್ಧನಾಟಕವಾಗಿ ಅಳವಡಿಸಿ ಅದರ ನಾಟಕೀಯತೆಯನ್ನು ಎತ್ತಿತೋರಿಸಿದರು. ಅದು ಉಚಿತವಾದ ಕಾರ್ಯ. ಆದರೂ ಈ ಒಂದು ಬೆವರಿನ ಹನಿಯು ಯಾವ ರಂಗದ ಬೆಳಕಿಗೂ ನಿಲುಕದೆ ಕಾವ್ಯದಲ್ಲಿಯೇ ಉಳಿಯತಕ್ಕುದು.

೭

ಇಲ್ಲಿ ಒಂದು ಆಕ್ಷೇಪವು ಬರಬಹುದು. ಊರುಭಂಗಕ್ಕೆ ಕಾರಣವು ಭೀಮನ ಪ್ರತಿಜ್ಞೆ, ಪ್ರತಿಜ್ಞೆಯು ನುಡಿ, ಆದುದರಿಂದ ಶಾಶ್ವತವಾದುದು ನುಡಿಯೇ ಎಂದು. ಇದಕ್ಕೆ ಶಲ್ಯಪರ್ವವೇ ಸಮಾಧಾನವನ್ನು ಹೇಳುತ್ತದೆ. ಗದಾಯುದ್ಧದ ನಡುವೆ, ನ್ಯಾಯವಾಗಿ ಹೋರಿದರೆ ಭೀಮನು ಗೆಲ್ಲಲಾರನೆಂದು ಕೃಷ್ಣನು ಅರ್ಜುನನಿಗೆ ತಿಳಿಸುತ್ತಾನೆ. ಅರ್ಜುನನು ಭೀಮನಿಗೆ ಪ್ರತಿಜ್ಞೆಯ ಮಾತುಗಳನ್ನು ಕೂಗಿ ಹೇಳುವುದಿಲ್ಲ. ಅವನು ನೋಡುತ್ತಿರುವಂತೆ ತನ್ನ ಎಡದೊಡೆಯನ್ನು ತಟ್ಟುತ್ತಾನೆ. ಸಭೆಯಲ್ಲಿ ತೋರಿದ ಎಡದೊಡೆಯು ರಣದಲ್ಲಿ ತಟ್ಟಿದ ಎಡದೊಡೆಯಿಂದ ನೆನಪಿಗೆ ಬರುತ್ತದೆ. ಋಣದ ಪತ್ರವು ನುಡಿಯಲ್ಲಿದ್ದರೂ ಅದರ ವಸೂಲಿಗೆ ಇಂಗಿತವೇ ಬೇಕಾಯಿತು. ನಾಭಿಯ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ಕಟ್ಟಳೆಯನ್ನು ಎತ್ತಿ ಬಲರಾಮನು ಕೋಪಿಸಿಕೊಂಡಾಗ ಮತ್ತೆ ವಾದಪ್ರತಿವಾದಗಳು ಏಳುತ್ತವೆ. ತೊಡೆಯಾದರೋ ಅಷ್ಟರಲ್ಲಿ ಮುರಿದಿತ್ತು.

ಹಾಗಾದರೆ ನುಡಿಯ ಪಾಲಿಗೆ ಉಳಿದುದೇನು? ತೊಡೆ ಮುರಿದೊಡನೆ ತೊಡೆಯ ಲೆಕ್ಕವು ಚುಕ್ತವಾಯಿತು. ಮುಡಿ ಕಟ್ಟಿದೊಡನೆ ಮುಡಿಯ ಲೆಕ್ಕವು ಮುಗಿಯಿತು. ದ್ರೌಪದಿಯ ಪ್ರಶ್ನೆಯು ಮಾತ್ರ ಮುಗಿಯಲಿಲ್ಲ. ಹದಿನೆಂಟು ಅಕ್ಷೌಹಿಣಿಗಳು ಅಳಿದುವು. ಆ ಪ್ರಶ್ನೆಗೆ ಉತ್ತರವು ಹುಟ್ಟಲಿಲ್ಲ. ತನ್ನನ್ನು ಸೋತವನಿಗೆ ಇನ್ನೊಬ್ಬರ ಮೇಲೆ ಅಧಿಕಾರವುಂಟೇ ಎಂದು ಇಂದಿಗೂ ಪಂಡಿತರು ಚರ್ಚಿಸುತ್ತಾರೆ, ಇಂದಿಗೂ ಹೆಂಗಸರು ಕೇಳುತ್ತಾರೆ. ಇಂಗಿತದ ಬಲವು ತೀವ್ರವಾದುದು, ಆದರೆ ಸಂದಾಯದೊಡನೆ ಶಾಂತವಾಗತಕ್ಕುದು. ನುಡಿಯ ಬಲವು ಆ ಹೊತ್ತಿಗೆ ದುರ್ಬಲವೆಂದು ಕಂಡರೂ ಕಾಲದೊಡನೆ ಬೆಳೆಯತಕ್ಕುದು. ಸಭೆಯು ಅಂದು ಆ ನುಡಿಗೆ ಉತ್ತರ ಕೊಟ್ಟಿದ್ದರೆ ತೊಡೆಗೆ ಉತ್ತರ ಕೊಡುವ ಅವಶ್ಯಕತೆಯೇ ಬೀಳುತ್ತಿರಲಿಲ್ಲವೆಂಬುದು ಭಾರತಕಥೆಯ ಮರ್ಮಗಳಲ್ಲೊಂದು. ನುಡಿಗೆ ನ್ಯಾಯವು ದೊರೆಯದ ಸ್ಥಳದಲ್ಲಿ ಮೈಗಳು ಮಾತನಾಡತೊಡಗುತ್ತವೆ; ಅವು ಆಡುವ ಭಾಷೆ ಗದೆಯದು.

ಪಾಠಶಾಲೆಗಳಲ್ಲಿ ಈ ಕಾವ್ಯಗಳನ್ನು ಬೋಧಿಸುವಾಗ ಸಂಭಾಷಣೆಯ ಪದ್ಯಗಳಿಗೆ ಅರ್ಥವನ್ನೂ ಅಲಂಕಾರವನ್ನೂ ಹೇಳಿ, ನಡುವೆ ಬರುವ ಕೈಕಾಲುಕಣ್ಣುಗಳ ಚೇಷ್ಟೆಗಳನ್ನು ಕಥೆಯ ಕೊಂಡಿಗಳೆಂದು ಹಾರಿಸಿಬಿಡುವ ಪದ್ಧತಿಯುಂಟು. ಹಾಗೆ ಮಾಡಿದರೆ ಉಳಿಯುವುದು ಅರ್ಧ ಭಾರತ. ವಿದುರನು ಕುರುಡನಾದ ಅರಸನಿಗೆ ಮಾಡಿದ ಕಾರ್ಯವನ್ನೇ ಉಪಾಧ್ಯಾಯನು ವಿದ್ಯಾರ್ಥಿಗೆ ಮಾಡಬೇಕಾಗಿದೆ: ಯಾರು ಮುಖವನ್ನು ಮುಚ್ಚಿದರು, ಯಾರು ಮರಳನ್ನು ಎರಚಿದರು, ಯಾರು ಏಳದೆ ಕುಳಿತರು ಎಂಬುದನ್ನು ಕಾಣಿಸಿ, ಅನಂತರ ಅದರ ಅರ್ಥವನ್ನು ಹೇಳಬೇಕು. ಧೃತರಾಷ್ಟ್ರನು ಎಲ್ಲವನ್ನೂ ಕೇಳಿಯೂ ಏನನ್ನೂ ಮಾಡಲಿಲ್ಲ. ಆ ದೋಷವು ವಿದುರನ ವ್ಯಾಖ್ಯಾನದ್ದಲ್ಲ.